ಡಬ್ಬಿಯ ಮುಚ್ಚಳ ತೆಗೆದು ನೋಡಿದ್ದೀರಾ?

2021ರ ಜುಲೈ. ಬೆಳಕೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ಕಂಟೇನರ್ ಇಮೇಜ್ ಇಳಿಸಿಕೊಳ್ಳುತ್ತಿದ್ದೆ. ಹೊರಗೆ ಭಟ್ಕಳ ಕಡೆಯ ಮಳೆ. ಕರೆಂಟು ಬೆಳಗ್ಗೆಯೇ ಹೋಗಿತ್ತು, ಲ್ಯಾಪ್‌ಟಾಪ್ ಇನ್ವರ್ಟರಿನ ದಯೆಯಲ್ಲಿತ್ತು. ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಿಟಕಿಯ ಸರಳಿಗೆ ಕಟ್ಟಿದ್ದೆ. ಇಡೀ ಮನೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರೋದು ಅಲ್ಲಿ ಮಾತ್ರ.

ಇಮೇಜಿನ ಗಾತ್ರ 1.8 ಜಿಬಿ. 2 ಎಂಬಿಪಿಎಸ್ ಸಿಕ್ಕರೆ ಲೆಕ್ಕದ ಪ್ರಕಾರ ಎರಡು ಗಂಟೆ. ಆವತ್ತು ಅದೂ ಸಿಗಲಿಲ್ಲ. 600 ಎಂಬಿಯ ಒಂದು ತುಂಡು ಮೂರು ಸಲ ಅರ್ಧಕ್ಕೆ ನಿಂತು ಮೂರು ಸಲ ಮೊದಲಿನಿಂದ ಶುರುವಾಯ್ತು.

"ಎಂತ ಮಾಡ್ತಾ ಇದ್ದೆ ಮಾರಾಯ, ಬೆಳಗ್ಗಿಂದ ಅದನ್ನೇ ನೋಡ್ತಾ ಕೂತಿದ್ದೆ?" ಅಂತ ಅಮ್ಮ ಕೇಳಿದಳು.

"ಆಫೀಸಿನ ಒಂದು ಡಬ್ಬಿ ಇಳೀತಾ ಇದೆ."

"ಡಬ್ಬಿಲಿ ಎಂತ ಉಂಟು?"

ಬಾಯಿ ತೆಗೆದೆ. ಮುಚ್ಚಿದೆ. ಎಂಟು ವರ್ಷ ಸಾಫ್ಟ್‌ವೇರ್ ಕೆಲಸ, ಅದರಲ್ಲಿ ನಾಲ್ಕು ವರ್ಷ ದಿನಾ ಇದೇ ಡಬ್ಬಿಗಳ ಜೊತೆ. ಹೊಸಬರಿಗೆ ಪಾಠ ಮಾಡುವವನೂ ನಾನೇ. ಆದರೂ ಆ 1.8 ಜಿಬಿಯಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. "ನಮ್ಮ ಪ್ರೋಗ್ರಾಮು" ಅಂದೆ. ಅದು ಸುಳ್ಳಲ್ಲ. ಆದರೆ ನಮ್ಮ ಪ್ರೋಗ್ರಾಮು ಬರೀ 4 ಎಂಬಿ ಇತ್ತು.

ನನ್ನ ತಕರಾರು ಇಷ್ಟೇ. "ಒಳಗೇನಿದೆ ಅಂತ ನೋಡೋ ಅಗತ್ಯವೇ ಇಲ್ಲ" ಅನ್ನೋದನ್ನ ಕಂಟೇನರಿನ ದೊಡ್ಡ ಗುಣ ಅಂತ ನಾವು ಹೊಸಬರಿಗೆ ಮಾರಿದ್ದೀವಿ. ಅದು ಸುಳ್ಳು. ಆ ಸುಳ್ಳಿನ ಬಿಲ್ ಕಟ್ಟುವವರು ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡು ಕೂತ ನಾವಲ್ಲ, ಬೇರೆಯವರು.

ನಮ್ಮಲ್ಲಿ ಕಂಟೇನರ್ ಹೇಗೆ ಕಲಿಸ್ತಾರೆ ಅಂತ ನಿಮಗೂ ಗೊತ್ತಿದೆ. ಕೆಲಸಕ್ಕೆ ಸೇರಿದ ಎರಡನೇ ದಿನ ಯಾರೋ ಒಂದು ಪುಟ ಕಳಿಸ್ತಾರೆ. ಡಾಕರ್ ಪುಲ್, ಡಾಕರ್ ರನ್, ಡಾಕರ್ ಪಿಎಸ್, ಇಷ್ಟು ಟೈಪ್ ಮಾಡು, ಬರದಿದ್ರೆ ಕೇಳು. ಹುಡುಗ ಧೈರ್ಯ ಮಾಡಿ "ಸರ್, ಕಂಟೇನರ್ ಅಂದ್ರೆ ನಿಜವಾಗ್ಲೂ ಏನು?" ಅಂತ ಕೇಳಿದ್ರೆ ಒಂದೇ ಸಾಲಿನ ಉತ್ತರ: "ಹಗುರವಾದ ವರ್ಚುವಲ್ ಮಷೀನ್ ಅಂದ್ಕೋ." ನಾನೂ ಹತ್ತಾರು ಜನರಿಗೆ ಹೀಗೇ ಹೇಳಿದ್ದೀನಿ. ಕೇಳಿದವರು ತಲೆಯಾಡಿಸಿದರು. ಅದು ಅರ್ಥವಾಗಿ ಆಡಿದ ತಲೆಯಲ್ಲ, ಇನ್ನೊಮ್ಮೆ ಕೇಳಿದರೆ ದಡ್ಡ ಅಂದುಕೊಳ್ತಾರೆ ಅನ್ನೋ ಭಯಕ್ಕೆ ಆಡಿದ ತಲೆ.

ಹಗುರವಾದ ವರ್ಚುವಲ್ ಮಷೀನ್ ಅಲ್ಲ ಅದು. ವ್ಯತ್ಯಾಸ ನೋಡಬೇಕಂದ್ರೆ ನಮ್ಮೂರ ಕಡೆ ಬನ್ನಿ. ಕೊಂಕಣ ರೈಲ್ವೆಯವರು 1999ರಲ್ಲಿ ರೋ-ರೋ ಅಂತ ಒಂದು ಸೇವೆ ಶುರು ಮಾಡಿದರು. ಮೊದಲು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ, ಆಮೇಲೆ ಸುರತ್ಕಲ್‌ವರೆಗೂ ಬಂತು. ಸರಕು ತುಂಬಿದ ಲಾರಿಯನ್ನೇ ಸೀದಾ ರೈಲಿನ ಚಪ್ಪಟೆ ಬೋಗಿಯ ಮೇಲೆ ಹತ್ತಿಸ್ತಾರೆ. ಲಾರಿಯ ಎಂಜಿನ್ ಇದೆ, ಟೈರಿದೆ, ಡೀಸೆಲ್ ಇದೆ, ಒಳಗೆ ಡ್ರೈವರೂ ಕೂತಿರ್ತಾನೆ. ಆದರೆ ಎಳೀತಾ ಇರೋದು ರೈಲಿನ ಎಂಜಿನ್. ಕುಮಟಾ, ಹೊನ್ನಾವರ, ಭಟ್ಕಳ ಸ್ಟೇಶನ್ನಿನಲ್ಲಿ ನಿಂತರೆ ಲಾರಿಗಳು ರೈಲು ಹತ್ತಿ ಹೋಗುವ ಮೆರವಣಿಗೆ ಕಾಣುತ್ತೆ. ವರ್ಚುವಲ್ ಮಷೀನ್ ಅಂದ್ರೆ ಇದು. ಒಂದು ಕಂಪ್ಯೂಟರಿನ ಮೇಲೆ ಇನ್ನೊಂದು ಕಂಪ್ಯೂಟರು, ಅದರದೇ ಕರ್ನಲ್ಲು, ಅದರದೇ ಆಪರೇಟಿಂಗ್ ಸಿಸ್ಟಮ್ಮು, ಎಲ್ಲ ಸಮೇತ. ಇದು ದಂಡ ಅಂತ ನಾನು ಹೇಳ್ತಾ ಇಲ್ಲ. ಆ ಕಡೆ ಇಳಿದ ಮೇಲೆ ಲಾರಿ ಬೇಕೇ ಬೇಕು ಅನ್ನೋವ್ರಿಗೆ ಅದೇ ಸರಿ.

ಕಂಟೇನರ್ ಅಂದ್ರೆ ಲಾರಿ ಬಿಟ್ಟು ಸರಕಿನ ಪೆಟ್ಟಿಗೆಯನ್ನಷ್ಟೇ ರೈಲಿಗೆ ಹಾಕಿದ ಹಾಗೆ. ಎಂಜಿನ್ ಒಂದೇ, ರೈಲಿನದ್ದು. ಹತ್ತು ಪೆಟ್ಟಿಗೆ ಇದ್ದರೂ ಎಂಜಿನ್ ಒಂದೇ. ಆ ಎಂಜಿನ್ನೇ ಲಿನಕ್ಸ್ ಕರ್ನಲ್.

ಹೋಲಿಕೆ ಇಲ್ಲಿಗೆ ಸಾಕು, ಈಗ ನೇರವಾಗಿ ಹೇಳ್ತೀನಿ. ಕಂಟೇನರ್ ಅಂದ್ರೆ ಒಂದು ಸಾಮಾನ್ಯ ಪ್ರೊಸೆಸ್, ನಿಮ್ಮ ಬ್ರೌಸರ್ ಒಂದು ಪ್ರೊಸೆಸ್ ಇದ್ದ ಹಾಗೆ. ಕರ್ನಲ್ ಅದಕ್ಕೆ ಎರಡು ಕಟ್ಟುಪಾಡು ಹಾಕಿರುತ್ತೆ. ಮೊದಲನೆಯದು ನೇಮ್‌ಸ್ಪೇಸ್: ಅದಕ್ಕೆ ಏನು ಕಾಣಬೇಕು, ಏನು ಕಾಣಬಾರದು. ಬೇರೆ ಪ್ರೊಸೆಸ್‌ಗಳು ಅದಕ್ಕೆ ಕಾಣಲ್ಲ, ಬೇರೆಯವರ ಫೈಲು ಕಾಣಲ್ಲ, ನೆಟ್‌ವರ್ಕ್ ಕೂಡ ತನ್ನದೇ ಒಂದು ಅಂದುಕೊಂಡಿರುತ್ತೆ. ಎರಡನೆಯದು ಸಿಗ್ರೂಪ್: ಅದು ಎಷ್ಟು ಬಳಸಬಹುದು. ಇಷ್ಟು ಮೆಮೊರಿ, ಇಷ್ಟು ಸಿಪಿಯು, ಅದರ ಮೇಲೆ ಇಲ್ಲ. ನೋಟಕ್ಕೆ ಗೋಡೆ, ಬಳಕೆಗೆ ಅಳತೆ. ಇಷ್ಟೇ ಕಂಟೇನರ್.

ನಂಬಿಕೆ ಬರದಿದ್ರೆ ಒಂದು ಲಿನಕ್ಸ್ ಯಂತ್ರದಲ್ಲಿ ಕಂಟೇನರ್ ಓಡಿಸಿ. ಇನ್ನೊಂದು ಕಿಟಕಿ ತೆರೆದು, ಹೊರಗಿನಿಂದ ಪ್ರೊಸೆಸ್‌ಗಳ ಪಟ್ಟಿ ನೋಡಿ. ಕಂಟೇನರಿನ ಒಳಗೆ "ನಾನೇ ನಂಬರ್ 1" ಅಂತ ಬೀಗುತ್ತಿದ್ದ ಪ್ರೊಸೆಸ್ಸು ಹೊರಗಿನ ಪಟ್ಟಿಯಲ್ಲಿ 23 ಸಾವಿರದ ಎಷ್ಟನೆಯದೋ ಆಗಿ ಉಳಿದವರ ಜೊತೆ ಸಾಲಿನಲ್ಲಿ ನಿಂತಿರುತ್ತೆ. ಇದನ್ನ ಹೊಸಬರಿಗೆ ಮೊದಲ ದಿನವೇ ತೋರಿಸಬಹುದು, ಹತ್ತು ನಿಮಿಷದ ಕೆಲಸ. ನಾವು ತೋರಿಸಲ್ಲ. (ಮ್ಯಾಕ್ ಅಥವಾ ವಿಂಡೋಸ್ ಇದ್ದವರಿಗೆ ಇದು ಹೀಗೆ ಕಾಣಲ್ಲ. ಅಲ್ಲಿ ಡಾಕರ್ ಡೆಸ್ಕ್‌ಟಾಪ್ ಹಿಂದೆ ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಮಷೀನ್ ಸದ್ದಿಲ್ಲದೆ ಓಡ್ತಿರುತ್ತೆ. "ಹಗುರವಾದ ವಿಎಂ" ಅನ್ನೋ ಸುಳ್ಳು ಹುಟ್ಟಿದ್ದು ಬಹುಶಃ ಅಲ್ಲೇ.)

ಇದೇನು ನಿನ್ನೆ ಮೊನ್ನೆ ಆಕಾಶದಿಂದ ಇಳಿದ ವಿದ್ಯೆಯೂ ಅಲ್ಲ. ಒಂದು ಪ್ರೊಸೆಸ್ಸಿಗೆ "ಇದೇ ನಿನ್ನ ಇಡೀ ಪ್ರಪಂಚ" ಅಂತ ಒಂದು ಫೋಲ್ಡರ್ ತೋರಿಸಿ ನಂಬಿಸುವ ಚ್‌ರೂಟ್ ಯುನಿಕ್ಸಿನಲ್ಲಿ 1979ರಲ್ಲೇ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿಯ ಜೈಲ್ ಬಂತು. ಗೂಗಲ್ ಎಂಜಿನಿಯರುಗಳು ಶುರು ಮಾಡಿದ ಸಿಗ್ರೂಪ್ 2008ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. 2013ರ ಮಾರ್ಚಿನಲ್ಲಿ ಸೊಲೊಮನ್ ಹೈಕ್ಸ್ ಅಮೆರಿಕದ ಪೈಕಾನ್ ಸಮ್ಮೇಳನದಲ್ಲಿ ಐದು ನಿಮಿಷದ ಪುಟ್ಟ ಭಾಷಣದಲ್ಲಿ ಡಾಕರ್ ತೋರಿಸಿದಾಗ, ಗೋಡೆ ಮತ್ತು ಅಳತೆ ಎರಡೂ ಹಳೇವೇ. ಡಾಕರ್ ತಂದ ಹೊಸತು ಅಂದ್ರೆ ಇದನ್ನೆಲ್ಲ ಮೂರು ಪದದ ಆಜ್ಞೆಗೆ ಇಳಿಸಿದ್ದು, ಜೊತೆಗೆ ಎಲ್ಲವನ್ನೂ ಕಟ್ಟಿ ಸಾಗಿಸೋಕೆ ಒಂದು ಗಂಟು ಕೊಟ್ಟಿದ್ದು. ಆ ಗಂಟೇ ಇಮೇಜ್.

ಇಮೇಜಿಗೂ ಕಂಟೇನರಿಗೂ ಇರೋ ವ್ಯತ್ಯಾಸದಲ್ಲಿ ಹೊಸಬರು ಎಡವೋದು ಜಾಸ್ತಿ. ನಮ್ಮ ಜಿಲ್ಲೆಯವರಿಗೆ ಯಕ್ಷಗಾನದ ಮೂಲಕ ಹೇಳಿದರೆ ಒಂದೇ ನಿಮಿಷ ಸಾಕು. ಇಮೇಜ್ ಅಂದ್ರೆ ಪ್ರಸಂಗದ ಪುಸ್ತಕ, ಕಂಟೇನರ್ ಅಂದ್ರೆ ಆ ರಾತ್ರಿಯ ಆಟ. ಪುಸ್ತಕ ಒಂದೇ, ಆಟ ಇವತ್ತು ಹೊನ್ನಾವರದಲ್ಲಿ, ನಾಳೆ ಕುಮಟಾದಲ್ಲಿ. ಬೇಕಾದರೆ ಒಂದೇ ರಾತ್ರಿ ಮೂರು ಮೇಳದವರು ಮೂರು ಊರಲ್ಲಿ ಅದೇ ಪ್ರಸಂಗ ಆಡಬಹುದು. ಆ ರಾತ್ರಿ ಅರ್ಥಧಾರಿ ಸ್ಥಳದಲ್ಲೇ ಹುಟ್ಟಿಸಿದ ಮಾತು ಬೆಳಗಾದ ಮೇಲೆ ಪುಸ್ತಕದಲ್ಲಿ ಇರಲ್ಲ. ಕಂಟೇನರೂ ಹಾಗೇ. ಓಡುವಾಗ ಬರೆದದ್ದೆಲ್ಲ ಮೇಲಿನ ಒಂದು ತೆಳುವಾದ ಪದರದಲ್ಲಿ ಇರುತ್ತೆ, ಕಂಟೇನರ್ ತೆಗೆದು ಹಾಕಿದ್ರೆ ಆ ಪದರವೂ ಹೋಯ್ತು. ಇಮೇಜ್ ಇದ್ದ ಹಾಗೇ ಇರುತ್ತೆ. ಮೊದಲ ವಾರ ಡೇಟಾಬೇಸನ್ನ ಕಂಟೇನರಿನಲ್ಲಿ ಓಡಿಸಿ, ಮರುದಿನ "ಡೇಟಾ ಎಲ್ಲಿ ಹೋಯ್ತು ಸರ್" ಅಂತ ಅಳುಮುಖ ಮಾಡುವ ಹುಡುಗರಿಗೆ ಯಾರೂ ಹೇಳಿರದಿದ್ದ ಮಾತು ಇದೇ. ಉಳಿಯಬೇಕಾದದ್ದನ್ನ ಹೊರಗೆ, ವಾಲ್ಯೂಮಿನಲ್ಲಿ ಇಡಬೇಕು.

ಇನ್ನು ಇಮೇಜಿನ ಒಳಗೆ. ಬೆಂಗಳೂರಿನಲ್ಲಿ ನಾನು ಇದನ್ನ ಯಾವತ್ತೂ ನೋಡಿರಲಿಲ್ಲ, ನೋಡೋಕೆ ಪುರುಸೊತ್ತೇ ಸಿಗ್ತಿರಲಿಲ್ಲ. ಪುಲ್ ಅಂತ ಒತ್ತಿ ಕಾಫಿ ಕಪ್ಪು ಎತ್ತುವಷ್ಟರಲ್ಲಿ ಮುಗಿದಿರೋದು. ಬೆಳಕೆಯಲ್ಲಿ ಹಾಗಾಗಲಿಲ್ಲ. ಪರದೆಯ ಮೇಲೆ ಹದಿನೇಳು ಸಾಲು. ಮೂರು ಸಾಲು ಆಮೆಯ ಹಾಗೆ ತೆವಳ್ತಿವೆ, ಉಳಿದವು ಕಾಯ್ತಿವೆ. ಮಾಡೋಕೆ ಬೇರೆ ಕೆಲಸ ಇಲ್ಲದೆ ಆ ಸಾಲುಗಳನ್ನ ಓದಿದೆ. ಒಂದೊಂದು ಸಾಲೂ ಒಂದೊಂದು ಪದರ. ಒಂದೊಂದು ಪದರವೂ ಡಾಕರ್‌ಫೈಲಿನಲ್ಲಿ ಯಾರೋ ಒಬ್ಬರು ಯಾವತ್ತೋ ಬರೆದ ಒಂದು ಸಾಲಿನ ಫಲ. ಇಮೇಜ್ ಅಂದ್ರೆ ಒಂದರ ಮೇಲೊಂದು ಇಟ್ಟ ಫೈಲಿನ ಗಂಟುಗಳು, ಜೊತೆಗೆ "ಇದನ್ನ ಹೀಗೆ ಶುರು ಮಾಡು" ಅಂತ ಹೇಳೋ ಒಂದು ಸಣ್ಣ ಚೀಟಿ. ಮಂತ್ರ ಏನೂ ಇಲ್ಲ. ಪ್ರತಿ ಗಂಟಿಗೂ ಅದರ ಒಳಗಿನ ಮಾಲಿನಿಂದಲೇ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಗುರುತು ಇರುತ್ತೆ. ಒಳಗೆ ಒಂದಕ್ಷರ ಬದಲಾದರೂ ಗುರುತು ಬದಲು. ಗುರುತು ಅದೇ ಇದ್ದರೆ ಮತ್ತೆ ಇಳಿಸೋ ಅಗತ್ಯ ಇಲ್ಲ.

ಇಲ್ಲೇ ನನಗೆ ಸಿಟ್ಟು ಬಂದಿದ್ದು. ಹಿಂದಿನ ದಿನವೂ ಇದೇ ಇಮೇಜ್ ಇಳಿಸಿದ್ದೆ. ಸಹೋದ್ಯೋಗಿಯೊಬ್ಬರು ಬದಲಿಸಿದ್ದು ಒಂದೇ ಸಾಲು ಕೋಡ್. ಹಾಗಿದ್ರೆ ಮತ್ತೆ ಯಾಕೆ 600 ಎಂಬಿ? ಡಾಕರ್‌ಫೈಲ್ ತೆಗೆದು ನೋಡಿದೆ. ಮೊದಲು ನಮ್ಮ ಕೋಡ್ ಪೂರ್ತಿ ಒಳಗೆ ನಕಲು ಮಾಡು, ಆಮೇಲೆ ಲೈಬ್ರರಿಗಳನ್ನ ಹಾಕು ಅಂತ ಇತ್ತು. ಪದರದ ನಿಯಮ ಏನಂದ್ರೆ, ಕೆಳಗಿನದು ಬದಲಾದರೆ ಅದರ ಮೇಲಿನವೆಲ್ಲ ಹೊಸದಾಗಿ ಕಟ್ಟಬೇಕು. ದಿನಾ ಬದಲಾಗೋ ಕೋಡನ್ನ ಅಡಿಯಲ್ಲಿಟ್ಟು, ತಿಂಗಳಿಗೊಮ್ಮೆ ಬದಲಾಗೋ ಲೈಬ್ರರಿಗಳನ್ನ ಅದರ ಮೇಲೆ ಪೇರಿಸಿದ್ವಿ. ಎರಡು ಸಾಲು ಅದಲು ಬದಲು ಮಾಡಿದ್ರೆ ಸಾಕಿತ್ತು. ಮೂರು ವರ್ಷ ಯಾರೂ ಮಾಡಿರಲಿಲ್ಲ, ಯಾಕಂದ್ರೆ ಯಾರಿಗೂ ನೋವಾಗಿರಲಿಲ್ಲ.

ಯಾರಿಗೂ ನೋವಾಗಿರಲಿಲ್ಲ ಅನ್ನೋದೂ ಸುಳ್ಳೇ. ಆ ಜೂನಿನಲ್ಲಿ ನಮ್ಮ ತಂಡಕ್ಕೆ ಒಬ್ಬ ಹುಡುಗ ಸೇರಿದ್ದ, ಕುಮಟಾ ತಾಲ್ಲೂಕಿನ ಹಳ್ಳಿಯವನು. ಕೋವಿಡ್ ಕಾಲ, ಮನೆಯಿಂದಲೇ ಕೆಲಸ. ಎಲ್ಲ ಕೆಲಸವೂ ಒಂದು ದಿನ ತಡ. ಮೊದಲ ತಿಂಗಳ ವರದಿಯಲ್ಲಿ ನಾನೇ ಬರೆದಿದ್ದೆ: ನಿಧಾನ. ಬೆಳಕೆಯಿಂದ ಅವನಿಗೆ ಫೋನ್ ಮಾಡಿ, "ನಿನಗೆ ಇಮೇಜ್ ಇಳಿಯೋಕೆ ಎಷ್ಟು ಹೊತ್ತು ಹಿಡಿಯುತ್ತೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಅವನ ಮೊಬೈಲ್ ಪ್ಯಾಕಿನಲ್ಲಿ ದಿನಕ್ಕೆ 1.5 ಜಿಬಿ. ನಮ್ಮ ಡಬ್ಬಿ 1.8. ಹಾಗಾಗಿ ಸಂಜೆ ಬಸ್ ಹತ್ತಿ ಕುಮಟಾ ಪೇಟೆಗೆ ಹೋಗಿ, ಬ್ರಾಡ್‌ಬ್ಯಾಂಡ್ ಇದ್ದ ನೆಂಟರ ಅಂಗಡಿಯಲ್ಲಿ ಕೂತು ಇಳಿಸಿಕೊಂಡು, ರಾತ್ರಿ ಊರಿಗೆ ಬಂದು ಕೆಲಸ ಶುರು ಮಾಡ್ತಿದ್ದ. "ಹೇಳಬಾರದಿತ್ತಾ?" ಅಂದೆ. "ಎಲ್ಲರಿಗೂ ಸರಿ ಇದೆಯಲ್ಲ ಸರ್, ನನಗೊಬ್ಬನಿಗೇ ಅಲ್ವಾ ತೊಂದರೆ" ಅಂದ.

ವರದಿ ತಿದ್ದಿಸಿದೆ, ಅವನು ಅದಕ್ಕೆ ಥ್ಯಾಂಕ್ಸ್ ಕೂಡ ಹೇಳಿದ. ಆ ಥ್ಯಾಂಕ್ಸ್ ಇವತ್ತಿಗೂ ಚುಚ್ಚುತ್ತೆ. ನಿಧಾನ ಇದ್ದದ್ದು ನಮ್ಮ ಡಬ್ಬಿ, ಹೆಸರು ಕೆಟ್ಟಿದ್ದು ಅವನದ್ದು.

"ಸ್ಟೋರೇಜ್ ಅಗ್ಗ, ನೆಟ್ ಅಗ್ಗ, 1 ಜಿಬಿ ಏನು ಮಹಾ?" ಅನ್ನೋವ್ರಿಗೆ ಇದೇ ನನ್ನ ಉತ್ತರ. ಯಾರಿಗೆ ಅಗ್ಗ? ದಪ್ಪ ಇಮೇಜ್ ಕಟ್ಟುವವನು ವೇಗದ ನೆಟ್ಟಿನ ಮುಂದೆ ಕೂತಿರ್ತಾನೆ. ಅದನ್ನ ಎಳೆದುಕೊಳ್ಳುವವನು ಕೂತಿರೋ ಜಾಗ ಅವನಿಗೆ ಕಾಣಲ್ಲ.

ಆವತ್ತು ಇಳಿದ ಮೇಲೆ ಡಾಕರ್ ಹಿಸ್ಟರಿ ಅನ್ನೋ ಆಜ್ಞೆ ಕೊಟ್ಟು ಪದರ ಪದರವಾಗಿ ನೋಡಿದೆ. ಬುಡದಲ್ಲಿ ಪೈಥಾನಿನ ಪೂರ್ಣ ಇಮೇಜ್, ಬಿಚ್ಚಿಟ್ಟರೆ ಅದೊಂದೇ ಸುಮಾರು 1 ಜಿಬಿ. ಅದರ ಸ್ಲಿಮ್ ಆವೃತ್ತಿ ಇದರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದರ ಮೇಲೆ ಸಿ ಕಂಪೈಲರುಗಳು. ಕಟ್ಟುವಾಗ ಬೇಕು, ಓಡುವಾಗ ಬೇಡವೇ ಬೇಡ. ಆಮೇಲೆ ಯಾರೋ ಪಿಡಿಎಫ್ ಮಾಡೋಕೆ ಅಂತ ಹಾಕಿದ್ದ ಜಾವಾ ಮತ್ತು ಅದರ ಪರಿವಾರ. ಆ ಪಿಡಿಎಫ್ ಕೆಲಸ ನಿಂತೇ ಎರಡು ವರ್ಷ ಆಗಿತ್ತು. ಪರೀಕ್ಷೆಗೆ ಬಳಸಿದ ಡೇಟಾ. ಇನ್‌ಸ್ಟಾಲ್ ಮಾಡಿದ ಮೇಲೆ ಉಳಿದ ಕ್ಯಾಶ್ ಕಸ. ಮದುವೆ ಮನೆ ಖಾಲಿ ಮಾಡುವಾಗ ಶಾಮಿಯಾನವನ್ನೂ ಬಾಡಿಗೆ ಪಾತ್ರೆಗಳನ್ನೂ ವಧುವಿನ ಜೊತೆ ಕಳಿಸಿಬಿಟ್ಟ ಹಾಗೆ.

ಕಟ್ಟಕಡೆಗೆ ಒಂದು ಪದರದಲ್ಲಿ ಒಂದು ಕೀಲಿ ಸಿಕ್ತು. ನಮ್ಮ ಖಾಸಗಿ ಪ್ಯಾಕೇಜ್ ಉಗ್ರಾಣದ ರಹಸ್ಯ ಕೀಲಿ. ಡಾಕರ್‌ಫೈಲಿನಲ್ಲಿ ಒಂದು ಸಾಲು ಅದನ್ನ ಒಳಗೆ ತರುತ್ತೆ, ಇನ್ನೊಂದು ಸಾಲು ಬಳಸುತ್ತೆ, ಮೂರನೇ ಸಾಲು ಅಳಿಸುತ್ತೆ. ನೋಡೋಕೆ ಎಷ್ಟು ಜಾಗರೂಕತೆ! ಆದರೆ ಪದರದಲ್ಲಿ ಅಳಿಸೋದು ಅಂದ್ರೆ ಏನು ಗೊತ್ತಾ? ಕೆಳಗಿನ ಪದರವನ್ನ ಯಾರೂ ಮುಟ್ಟಲ್ಲ. ಮೇಲಿನ ಪದರದಲ್ಲಿ "ಆ ಫೈಲು ಇಲ್ಲ ಅಂದ್ಕೋ" ಅಂತ ಒಂದು ಗುರುತು ಹಾಕಲಾಗುತ್ತೆ, ಅಷ್ಟೇ. ಕೀಲಿ ಕೆಳಗಿನ ಪದರದಲ್ಲಿ ಭದ್ರವಾಗಿ ಕೂತಿರುತ್ತೆ. ಇಮೇಜ್ ಕೈಗೆ ಸಿಕ್ಕ ಯಾರು ಬೇಕಾದರೂ ಆ ಪದರವನ್ನ ಬಿಚ್ಚಿ ತೆಗೀಬಹುದು. ಆ ಇಮೇಜ್ ಕಂಪನಿಯ ಹೊರಗಿನ ಇಬ್ಬರು ಪಾಲುದಾರರಿಗೂ ಹೋಗಿತ್ತು.

ಆ ಸಾಲುಗಳನ್ನ ಬರೆದ ಪುಣ್ಯಾತ್ಮ ಯಾರು ಅಂತ ಹುಡುಕಿದೆ. ನಾನೇ. 2019ರಲ್ಲಿ.

ಆಗ ನನಗೆ ಇದು ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಅಂದ್ರೆ, ನನಗೆ ಕಲಿಸಿದವರು ಆಜ್ಞೆ ಕಲಿಸಿದ್ದರು, ಪದರ ಕಲಿಸಿರಲಿಲ್ಲ. ನಾನೂ ಅದನ್ನೇ ಮುಂದಿನವರಿಗೆ ದಾಟಿಸಿದ್ದೆ.

ಇದಕ್ಕೆ ಸಾಮಾನ್ಯವಾಗಿ ಬರೋ ಎದುರುವಾದ ಹಡಗಿನ ಕಂಟೇನರಿನದ್ದು. 1956ರ ಏಪ್ರಿಲ್ 26ರಂದು ಮ್ಯಾಲ್ಕಮ್ ಮೆಕ್‌ಲೀನ್‌ನ ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆ ಹೊತ್ತು ಅಮೆರಿಕದ ನ್ಯೂಅರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಅಲ್ಲಿಂದ ಸರಕು ಸಾಗಣೆಯೇ ಬದಲಾಯ್ತು. ಪೆಟ್ಟಿಗೆಯೊಳಗೆ ಏನಿದೆ ಅಂತ ಕ್ರೇನಿಗೆ ಗೊತ್ತಿರಬೇಕಿಲ್ಲ, ಹಾಗಾಗಿಯೇ ಇಷ್ಟು ವೇಗ, ಅಂತ ವಾದ. ಕ್ರೇನಿನ ಮಟ್ಟಿಗೆ ಸರಿ. ಆದರೆ ನೀವು ಕ್ರೇನಾ? ಸರಕಿನ ಮಾಲೀಕನಿಗೆ ಒಳಗೇನಿದೆ ಅಂತ ಗೊತ್ತಿರಲೇಬೇಕು, ಬಂದರಿನಲ್ಲಿ ಕಸ್ಟಮ್ಸ್‌ನವರು ಪಟ್ಟಿ ಕೇಳ್ತಾರೆ, ಅನುಮಾನ ಬಂದರೆ ಬೀಗ ಒಡೆಸ್ತಾರೆ. ನಾವು ಹಡಗಿನಿಂದ ಪೆಟ್ಟಿಗೆಯ ಹೋಲಿಕೆ ತಂದ್ವಿ, ಕಸ್ಟಮ್ಸ್ ಕಚೇರಿಯನ್ನ ಅಲ್ಲೇ ಬಿಟ್ಟು ಬಂದ್ವಿ. ಹಡಗಿನ ಪೆಟ್ಟಿಗೆ ಗೆದ್ದಿದ್ದು ಅದರ ಅಳತೆ ಎಲ್ಲ ಕಡೆ ಒಂದೇ ಆಗಿದ್ದಕ್ಕೆ. ನಮ್ಮ ಕಡೆಯೂ 2015ರಲ್ಲಿ ಓಪನ್ ಕಂಟೇನರ್ ಇನಿಶಿಯೇಟಿವ್ ಶುರುವಾಗಿ ಇಮೇಜಿಗೆ ಒಂದು ಸಾಮಾನ್ಯ ಅಳತೆ ಬಂತು. ಹಾಗಾಗಿಯೇ ಡಾಕರ್ ಕಟ್ಟಿದ್ದನ್ನ ಪಾಡ್‌ಮನ್ ಓಡಿಸುತ್ತೆ, ಕುಬರ್ನೆಟಿಸ್ ಓಡಿಸುತ್ತೆ. ಹೊರಗಿನ ಅಳತೆ ಒಂದೇ ಇರೋದು ದೊಡ್ಡ ಸಾಧನೆ, ಒಪ್ಪಿದೆ. ಒಳಗೆ ಏನು ತುಂಬಿದ್ದೀವಿ ಅನ್ನೋದಕ್ಕೆ ಆ ಅಳತೆ ಜವಾಬ್ದಾರಿ ಅಲ್ಲ.

ಎರಡನೇ ಎದುರುವಾದ: "ಕಂಟೇನರಿನ ಒಳಗೇ ಇದೆಯಲ್ಲ, ಏನಾದ್ರೂ ಆದ್ರೆ ಹೊರಗೆ ಬರಲ್ಲ." ಎಂಜಿನ್ ಒಂದೇ ಅಂದಿದ್ದು ನೆನಪಿದೆಯಾ? ಕರ್ನಲ್ ಹಂಚಿಕೊಂಡ ಮೇಲೆ ಗೋಡೆ ವರ್ಚುವಲ್ ಮಷೀನಿನಷ್ಟು ದಪ್ಪ ಇರಲ್ಲ. 2019ರ ಫೆಬ್ರವರಿಯಲ್ಲಿ ಕಂಟೇನರ್ ಶುರು ಮಾಡೋ ರನ್‌ಸಿ ಅನ್ನೋ ಪ್ರೋಗ್ರಾಮಿನಲ್ಲೇ ದೋಷ ಸಿಕ್ತು. ದುರುದ್ದೇಶದ ಕಂಟೇನರೊಂದು ಆ ಪ್ರೋಗ್ರಾಮನ್ನೇ ತಿದ್ದಿ ಬರೆದು ಇಡೀ ಯಂತ್ರವನ್ನ ಕೈವಶ ಮಾಡಿಕೊಳ್ಳಬಹುದಿತ್ತು. ಇಷ್ಟಾಗಿಯೂ ಬೇರೆ ಹೇಳದಿದ್ದರೆ ಕಂಟೇನರಿನೊಳಗಿನ ಪ್ರೋಗ್ರಾಮ್ ರೂಟ್ ಅಧಿಕಾರದಲ್ಲೇ ಓಡುತ್ತೆ. ಡಾಕರ್‌ಫೈಲಿನಲ್ಲಿ ಒಂದು ಸಾಲು ಹಾಕಿದ್ರೆ ಅದನ್ನ ಸಾಮಾನ್ಯ ಬಳಕೆದಾರ ಮಾಡಬಹುದು. ನಿಮ್ಮದರಲ್ಲಿ ಆ ಸಾಲು ಇದೆಯಾ?

ಮೂರನೇದು: "ನಾವು ಯಾವಾಗಲೂ ಲೇಟೆಸ್ಟ್ ಬಳಸ್ತೀವಿ." ಲೇಟೆಸ್ಟ್ ಅನ್ನೋದು ಬರೀ ಒಂದು ಹೆಸರು. ಟ್ಯಾಗ್ ಕೊಡದಿದ್ದರೆ ತಾನಾಗಿ ಅಂಟುವ ಹೆಸರು. ಅದು ಹೊಸದೇ ಆಗಿರಬೇಕು ಅಂತ ಯಾವ ನಿಯಮವೂ ಇಲ್ಲ, ನಿನ್ನೆಯದೂ ಇವತ್ತಿನದೂ ಒಂದೇ ಅನ್ನೋ ಗ್ಯಾರಂಟಿಯೂ ಇಲ್ಲ. "ನನ್ನ ಯಂತ್ರದಲ್ಲಿ ಓಡ್ತಿತ್ತು" ಅನ್ನೋ ಹಳೇ ಜಗಳ ಮುಗಿಸೋಕೆ ಬಂದದ್ದೇ ಕಂಟೇನರ್. ಲೇಟೆಸ್ಟ್ ಬಳಸಿ ಆ ಜಗಳವನ್ನ ನಾವೇ ಹಿಂಬಾಗಿಲಿನಿಂದ ಕರೆತಂದಿದ್ದೀವಿ. ಖಚಿತ ಆವೃತ್ತಿ ಬರೀರಿ. ಇನ್ನೂ ಖಚಿತ ಬೇಕಂದ್ರೆ ಆ ಎಸ್‌ಎಚ್‌ಎ-256 ಗುರುತನ್ನೇ ಬರೀರಿ.

ನಾಲ್ಕನೇದೇ ನನಗೆ ಹೆಚ್ಚು ಸಿಟ್ಟು ಬರಿಸೋದು: "ಹೊಸಬರಿಗೆ ಇದೆಲ್ಲ ಯಾಕೆ, ಹೆದರಿಬಿಡ್ತಾರೆ." ಈ ಬರಹವನ್ನ ಇಲ್ಲಿವರೆಗೆ ಓದಿದ್ರಲ್ಲ, ಹೆದರಿಕೆ ಆಯ್ತಾ? ಗೋಡೆ, ಅಳತೆ, ಪದರ, ಗುರುತು. ನಾಲ್ಕು ಪದ. ಹಳ್ಳಿಯಿಂದ ಕನ್ನಡದಲ್ಲೇ ಓದಿ ಬಂದ ಹುಡುಗಿಗೆ ಅರ್ಧ ದಿನದಲ್ಲಿ ಅರ್ಥ ಆಗುತ್ತೆ. ಅರ್ಥ ಆಗದ ಹಾಗೆ ಇಂಗ್ಲಿಷ್ ಪದಗಳ ಬೇಲಿ ಹಾಕಿ, ಅದರಾಚೆ ನಿಂತು ನಾವು ದೊಡ್ಡವರಾಗಿದ್ದೀವಿ. ಆಜ್ಞೆ ಬಾಯಿಪಾಠ ಮಾಡಿದವಳು ಕೆಟ್ಟಾಗ ನಮ್ಮನ್ನೇ ಕೇಳಬೇಕು. ಒಳಗೆ ನೋಡೋಕೆ ಕಲಿತವಳು ನಮ್ಮ ತಪ್ಪು ತೋರಿಸ್ತಾಳೆ. ನಿಜವಾಗಿ ಹೆದರಿರೋದು ಯಾರು ಅಂತ ನೀವೇ ಯೋಚಿಸಿ.

ಬೆಳಕೆಯಿಂದ ವಾಪಸ್ ಬಂದ ಮೇಲೆ ಮಾಡಿದ್ದು ದೊಡ್ಡ ಸಾಹಸ ಏನಲ್ಲ. ಮೊದಲು ಆ ಕೀಲಿ ರದ್ದು ಮಾಡಿಸಿದ್ವಿ, ಯಾಕಂದ್ರೆ ಒಮ್ಮೆ ಹೊರಗೆ ಹೋದ ಪದರವನ್ನ ಹಿಂದೆ ಕರೆಸೋಕೆ ಆಗಲ್ಲ. ಬುಡಕ್ಕೆ ಸ್ಲಿಮ್ ಇಮೇಜ್ ಹಾಕಿದ್ವಿ. ಕಟ್ಟೋ ಹಂತ ಬೇರೆ, ಓಡಿಸೋ ಹಂತ ಬೇರೆ ಮಾಡಿದ್ವಿ. ಈ ಬಹುಹಂತದ ಸೌಲಭ್ಯ ಡಾಕರಿನಲ್ಲಿ 2017ರಿಂದಲೂ ಇದೆ, ನಾವು ಕಣ್ಣೆತ್ತಿ ನೋಡಿರಲಿಲ್ಲ. ಕಂಪೈಲರು ಮೊದಲ ಹಂತದಲ್ಲೇ ಉಳಿಯುತ್ತೆ, ಅಲ್ಲಿ ತಯಾರಾದ ಫೈಲು ಮಾತ್ರ ಎರಡನೇದಕ್ಕೆ ಬರುತ್ತೆ. ಲೈಬ್ರರಿ ಕೆಳಗೆ, ಕೋಡ್ ಮೇಲೆ. ಜಾವಾ ಕಿತ್ತು ಹಾಕಿದ್ವಿ. ಒಬ್ಬರು ಆಲ್ಪೈನ್ ಹಾಕೋಣ, ಅದು 10 ಎಂಬಿಯೂ ಇಲ್ಲ ಅಂದರು. ಆದರೆ ಅದರ ಸಿ ಲೈಬ್ರರಿ ಬೇರೆ, ನಮ್ಮ ಕೆಲವು ಪೈಥಾನ್ ಪ್ಯಾಕೇಜುಗಳು ಅಲ್ಲಿ ಕಾಟ ಕೊಟ್ಟವು, ಬಿಟ್ವಿ. ಸಣ್ಣದಾಗಿರಬೇಕು ಅನ್ನೋದೂ ಒಂದು ಹುಚ್ಚಾಗಬಾರದು. 1.8 ಜಿಬಿ ಇದ್ದದ್ದು 240 ಎಂಬಿಗೆ ಇಳೀತು. ಮೂರು ದಿನದ ಕೆಲಸ.

ಅದೇ ವರ್ಷ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಅನ್ನೋ ಜಾವಾ ಲೈಬ್ರರಿಯ ದೋಷ ಬಯಲಾಗಿ ಜಗತ್ತಿನ ಎಂಜಿನಿಯರುಗಳೆಲ್ಲ ನಿದ್ದೆಗೆಟ್ಟರು. ಎಲ್ಲ ಕಡೆ ಒಂದೇ ಪ್ರಶ್ನೆ: ಅದು ನಮ್ಮ ಯಾವ ಯಾವ ಡಬ್ಬಿಯಲ್ಲಿದೆ? ನಮ್ಮ ತಂಡ ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟಿತು. ಪಟ್ಟಿ ಕೈಯಲ್ಲಿತ್ತು, ಜಾವಾ ಇರಲಿಲ್ಲ. ಪಕ್ಕದ ತಂಡದವರು ಒಂದು ವಾರ ಹುಡುಕಿದರು. ಅವರು ನಮಗಿಂತ ಜಾಣರೇ. ಅವರಲ್ಲಿ ಯಾರೂ ಮಳೆಗಾಲದಲ್ಲಿ ಬೆಳಕೆಗೆ ಹೋಗಿ ಕೂತಿರಲಿಲ್ಲ, ಅಷ್ಟೇ.

ಮುಂದಿನ ವರ್ಷದ ಜುಲೈ. ಅದೇ ಜಗಲಿ, ಅದೇ ಸರಳು, ಅದೇ ಪ್ಲಾಸ್ಟಿಕ್ ಚೀಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳೀತು. ಅಮ್ಮ ಬಂದು ಇಣುಕಿ, "ಈ ಸಲ ಡಬ್ಬಿಲಿ ಎಂತ ಉಂಟು?" ಅಂದಳು. ಅವಳಿಗೆ ನೆನಪಿತ್ತು. ನಾನು ಬೆರಳು ಮಡಚುತ್ತಾ ಹೇಳಿದೆ: ಪುಟ್ಟದೊಂದು ಲಿನಕ್ಸಿನ ಫೈಲುಗಳು, ಪೈಥಾನು, ನಲವತ್ತೊಂದು ಲೈಬ್ರರಿ, ನಮ್ಮ ಪ್ರೋಗ್ರಾಮು.

"ಅಷ್ಟೇಯಾ? ಅದಕ್ಕೆ ಹೋದ ವರ್ಷ ಇಡೀ ದಿನ ಹಾಳು ಮಾಡ್ಕಂಡಿದ್ಯಲ್ಲ!"

ನಾಳೆ ಆಫೀಸಿನಲ್ಲಿ ಒಂದು ಕೆಲಸ ಮಾಡಿ. ನಿಮ್ಮ ತಂಡದ ಯಾವುದಾದರೂ ಒಂದು ಇಮೇಜಿಗೆ ಡಾಕರ್ ಹಿಸ್ಟರಿ ಕೊಟ್ಟು, ಹೊಸದಾಗಿ ಸೇರಿದವರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಪದರವೂ ಯಾಕಿದೆ ಅಂತ ಅವರಿಗೆ ಹೇಳೋಕೆ ಪ್ರಯತ್ನಿಸಿ. ನಿಮಗೆ ಹೇಳೋಕೆ ಬಾರದ ಪದರ ಬಂದಾಗ "ಅದು ನಿನಗೆ ಬೇಡ ಬಿಡು" ಅನ್ನಬೇಡಿ. "ಗೊತ್ತಿಲ್ಲ, ತೆಗೆದು ನೋಡೋಣ" ಅನ್ನಿ.